ಬಾಕಿ ಸಂಬಳಕ್ಕಾಗಿ ಕಾರ್ಮಿಕ ಇಲಾಖೆಯ ಮೆಟ್ಟಿಲು: ಐದಕ್ಕೆ ಮೂರು ಅಂಕ

ನಮ್ಮ ಬೀದಿಯ ಅಕ್ಕ ಒಬ್ಬರು ಖಾಸಗಿ ಕಾಲೇಜೊಂದರ ಹಾಸ್ಟೆಲಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಹನ್ನೊಂದು ತಿಂಗಳು ಸ್ವಚ್ಛತೆಯ ಕೆಲಸ ಮಾಡಿದ್ದರು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ತಿಂಗಳಿಗೆ 2,600 ರೂಪಾಯಿ ಕಡಿಮೆ ಸಿಗುತ್ತಿತ್ತೆಂಬುದು ಕೆಲಸ ಬಿಟ್ಟ ಮೇಲೆ ತಿಳಿಯಿತು. 2024ರಲ್ಲಿ ಅವರೊಂದಿಗೆ ನಾನೂ ಕಾರ್ಮಿಕ ಇಲಾಖೆಯ ಕಚೇರಿಗೆ ಏಳು ತಿಂಗಳು ಓಡಾಡಿದೆ. ಆ ಸೇವೆಯ ವಿಮರ್ಶೆ ಇದು. ಊರಿನ ಹೆಸರು ಬೇಡ.

ಅರ್ಜಿ ಹಾಕಲು ವಕೀಲರೇ ಬೇಕೆಂದಿಲ್ಲ. ಕೆಲಸಗಾರರು ತಾವೇ ಹಾಕಬಹುದು, ಸಂಘದ ಪದಾಧಿಕಾರಿಯ ಮೂಲಕವೂ ಹಾಕಬಹುದು. ಆದರೆ ಅರ್ಜಿಯಲ್ಲಿ ಏನು ಬರೆಯಬೇಕೆಂದು ಅಲ್ಲಿ ಹೇಳುವವರಿಲ್ಲ. ಆಗ ಅನ್ವಯವಾಗುತ್ತಿದ್ದ 1948ರ ಕನಿಷ್ಠ ವೇತನ ಕಾಯ್ದೆಯಂತೆ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕಿತ್ತಾದರೂ ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ಅವಕಾಶವಿತ್ತು. ಈ ಎರಡನೆಯ ಮಾತನ್ನು ನಮಗೆ ಹೇಳಿದ್ದು ಇಲಾಖೆಯಲ್ಲ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ನೇಮಿಸಿಕೊಟ್ಟ ವಕೀಲೆ. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಈ ನೆರವು ಸಿಗುತ್ತದೆ, ಸಹಾಯವಾಣಿ 15100.

ಮೊದಲ ಎರಡು ವಿಚಾರಣೆಗಳಿಗೆ ಗುತ್ತಿಗೆದಾರ ಬರಲೇ ಇಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ, ಕೊಟ್ಟು, ಆಮೇಲೆ ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳುತ್ತಿತ್ತು. ವಕೀಲೆ ಕಾಲೇಜನ್ನೂ ಎದುರುದಾರರನ್ನಾಗಿ ಸೇರಿಸಿ ನೋಟಿಸ್ ಹೋಗುವಂತೆ ಮಾಡಿದರು. ಮುಂದಿನ ದಿನಾಂಕಕ್ಕೆ ಗುತ್ತಿಗೆದಾರ ನಮಗಿಂತ ಮುಂಚೆಯೇ ಬಂದು ಬೆಂಚಿನ ಮೇಲೆ ಕುಳಿತಿದ್ದ.

ಅಂದು ಅವನು ಹೇಳಿದ್ದು, "ಈಕೆ ನಮ್ಮಲ್ಲಿ ಇದ್ದದ್ದೇ ಎರಡು ತಿಂಗಳು" ಎಂದು. ಹಾಜರಿ ಪುಸ್ತಕ ಅವನ ಕೈಯಲ್ಲಿತ್ತು, ನೇಮಕಾತಿ ಪತ್ರವಂತೂ ಯಾವತ್ತೂ ಕೊಟ್ಟಿರಲಿಲ್ಲ. ಅಕ್ಕ ಉಮಂಗ್ ಆ್ಯಪಿನಿಂದ ತೆಗೆಸಿ, ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡಿದ್ದ ಪಿಎಫ್ ಪಾಸ್‌ಬುಕ್ಕಿನ ಪ್ರತಿಯನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಪೆನ್ನಿನ ತುದಿಯಿಂದ ಸಾಲುಗಳನ್ನು ಒಂದೊಂದಾಗಿ ಎಣಿಸಿದರು: ಹನ್ನೊಂದು. ಗುತ್ತಿಗೆದಾರ ತಾನೇ ಕಟ್ಟಿದ್ದ ವಂತಿಗೆ ತಾನೇ ಸಾಕ್ಷಿ ನುಡಿದಿತ್ತು. ಅಧಿಕಾರಿಗಳ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು: ಕಾಗದ ಕಣ್ಣಿಗೆ ಬಿದ್ದ ಮೇಲೆ ಅವರು ಆ ಮನುಷ್ಯನಿಗೆ ತಪ್ಪಿಸಿಕೊಳ್ಳಲು ಬಿಡಲಿಲ್ಲ.

ನನಗೆ ಬೇಸರ ತಂದದ್ದು ಹೊರಗಿನ ಮೊಗಸಾಲೆಯಲ್ಲಿ ನಡೆಯುವ ವ್ಯವಹಾರ. ಅಲ್ಲಿ ಗುತ್ತಿಗೆದಾರ 10,000 ರೂಪಾಯಿ ಹಿಡಿದುಕೊಂಡು, ಮೊತ್ತದ ಜಾಗ ಖಾಲಿ ಬಿಟ್ಟು ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿಗೆ ಸಹಿ ಕೇಳಿದ. ಮೂರು ತಿಂಗಳ ಮನೆ ಬಾಡಿಗೆ ಬಾಕಿ ಇದ್ದವರಿಗೆ ಬೇಡವೆನ್ನುವುದು ಸುಲಭವಲ್ಲ; ಅಕ್ಕ ಬೇಡವೆಂದರು. ಐದನೆಯ ವಿಚಾರಣೆಯಲ್ಲಿ ರಾಜಿಯಾಗಿ 28,600 ರೂಪಾಯಿ ಎರಡು ಕಂತಿನಲ್ಲಿ ಬ್ಯಾಂಕಿಗೆ ಜಮೆಯಾಯಿತು. ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸುವ ಅಧಿಕಾರವಿದ್ದರೂ ಅದರ ಮಾತನ್ನು ಕಚೇರಿಯಲ್ಲಿ ಒಬ್ಬರೂ ಎತ್ತಲಿಲ್ಲ. ಒಂದು ಅಂಕ ಹೋದದ್ದು ಅದಕ್ಕೆ, ಇನ್ನೊಂದು ಏಳು ತಿಂಗಳ ಅಲೆದಾಟಕ್ಕೆ. ಪ್ರತಿ ದಿನಾಂಕಕ್ಕೂ ಅಕ್ಕನಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು.

ಈಗ ಹೋಗುವವರಿಗೆ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ಜಾರಿಯಾಗಿರುವ 2019ರ ವೇತನ ಸಂಹಿತೆಯಲ್ಲಿ ಅರ್ಜಿಗೆ ಮೂರು ವರ್ಷಗಳ ಅವಧಿಯಿದೆ, ಹತ್ತು ಪಟ್ಟಿನ ಪರಿಹಾರ ಉಳಿದಿದೆ, ಸಂಬಳ ಕೊಟ್ಟಿದ್ದೇನೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು, ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಆದರೂ ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಬ್ಯಾಂಕ್ ವಿವರ, ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳ ಪ್ರತಿಗಳನ್ನು ಕೆಲಸದಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ, ಅರ್ಜಿ ಕೊಟ್ಟ ದಿನವೇ ಮೊಹರು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ. ಜೆರಾಕ್ಸ್ ಅಂಗಡಿ ಕಚೇರಿಯ ಎದುರಿಗೇ ಇದೆ, ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿರುತ್ತದೆ.