ವ್ಯಾಂಪೈರ್ ಪ್ರೇಮಕಥೆ ಎಲ್ಲಿ ಹಾಕೋದು? ಪ್ರಕಾಶಕರು, ಆ್ಯಪ್, ಸ್ವಂತ ಅಚ್ಚು

ರಕ್ತ ಕುಡಿಯುವ ನಾಯಕನನ್ನು ಇಟ್ಟುಕೊಂಡು ಕನ್ನಡದಲ್ಲಿ ಪ್ರೇಮಕಥೆ ಬರೆದರೆ ಅದನ್ನು ಪ್ರಕಾಶಕರಿಗೆ ಕೊಡಬಹುದು, ಮೊಬೈಲ್ ಆ್ಯಪ್‌ನಲ್ಲಿ ಧಾರಾವಾಹಿ ಮಾಡಬಹುದು, ಇಲ್ಲಾಂದ್ರೆ ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಬಹುದು. ನಾನು ಮೂರನ್ನೂ ಮಾಡಿ ನೋಡಿದ್ದೇನೆ. ವಾರಪತ್ರಿಕೆಯ ಮಾತು ಬೇಡ, ಅಲ್ಲಿ ಧಾರಾವಾಹಿಗೆ ಇರೋದೇ ಒಂದೆರಡು ಜಾಗ.

ಮೊದಲು ನಾಯಕನ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲ ಕಡೆ ತಕರಾರು ಬಂದದ್ದು ಅವನ ಮೇಲೇ. ಅವನು ಬಳ್ಳಾರಿಯವನು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ನೈಟ್ ಶಿಫ್ಟ್ ಕೇಳಿ ಹಾಕಿಸಿಕೊಳ್ಳುತ್ತಾನೆ, ಬೇರೆಯವರ ಪಾಳಿಯನ್ನೂ ತಾನೇ ಮಾಡುತ್ತಾನೆ, ಹಾಗಾಗಿ ಎಲ್ಲರಿಗೂ ಅವನನ್ನು ಕಂಡರೆ ಇಷ್ಟ. ಹಗಲು ಹೊರಗೆ ಬರಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ನಮ್ಮೂರಲ್ಲಿ ಯಾರು ತಾನೇ ಬರುತ್ತಾರೆ? ಅಂದಹಾಗೆ, ಬಿಸಿಲು ತಾಗಿದರೆ ವ್ಯಾಂಪೈರ್ ಸಾಯುತ್ತಾನೆ ಅನ್ನೋದು ಅಷ್ಟು ಹಳೇ ಕಥೆಯಲ್ಲ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕಮ್ಮಿ. ಬಿಸಿಲಿನ ಸಾವು ಬಂದದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ವಿನಿಂದ. ಮನೆಯವರು ಕರೆಯದೆ ಒಳಗೆ ಬರುವ ಹಾಗಿಲ್ಲ ಅನ್ನುವ ನಿಯಮ ಸ್ಟೋಕರ್‌ನಲ್ಲೇ ಇದೆ, ನನಗೆ ಬೇಕಾಗಿದ್ದು ಅದು. ಒಂದು ಕಾಲಕ್ಕೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ವಾ? ನನ್ನ ನಾಯಕಿಯ ಅಜ್ಜಿ ಅದನ್ನು ಇನ್ನೂ ಅಳಿಸಿಲ್ಲ. ಇವನು ದಿನಾ ರಾತ್ರಿ ಬಂದು, ಓದಿ, ಮರ್ಯಾದೆಯಾಗಿ ವಾಪಸ್ ಹೋಗುತ್ತಾನೆ.

ಪ್ರಕಾಶಕರಿಗೆ ಈ ಬಾಗಿಲು ಹಿಡಿಸಿತು, ನಾಯಕ ಹಿಡಿಸಲಿಲ್ಲ. ಕೊನೆಗೆ ಅವನು ಮನುಷ್ಯನಾಗಲಿ, ಒಂದು ಸಂದೇಶ ಇರಲಿ ಅಂದರು. ನಾನು ಒಪ್ಪಲಿಲ್ಲ, ಪುಸ್ತಕ ಅವರ ಮೇಜಿನ ಮೇಲೆ ಕೂತೇ ಇತ್ತು, ಫೋನ್ ಮಾಡಿದಾಗೆಲ್ಲ ‘ಮುಂದಿನ ತಿಂಗಳು’. ಅವರ ಕಣ್ಣು ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಮೇಲೆ. ಅದು ತಪ್ಪೇನಲ್ಲ, ಎಷ್ಟೋ ಪ್ರಕಾಶಕರು ಬದುಕಿರೋದೇ ಅದರಿಂದ. ಗೌರವಧನ ಮುಖಬೆಲೆಯ ಹತ್ತು ಪರ್ಸೆಂಟ್ ಅಂತ ವಾಡಿಕೆ. ಅಂದರೆ 200 ರೂಪಾಯಿ ಪುಸ್ತಕಕ್ಕೆ 20. ಕೆಲವರು ಅದನ್ನೂ ದುಡ್ಡಿನ ಬದಲು ಪುಸ್ತಕದ ಪ್ರತಿಗಳನ್ನೇ ಕೊಟ್ಟು ಮುಗಿಸಿಬಿಡುತ್ತಾರೆ.

ಆದರೆ ಅಲ್ಲಿ ಸಿಕ್ಕಿದ್ದು ಬೇರೆಲ್ಲೂ ಸಿಗಲಿಲ್ಲ. ಕರಡು ತಿದ್ದುವ ಹಿರಿಯರೊಬ್ಬರು ಅಂಚಿನಲ್ಲಿ ಕೆಂಪು ಪೆನ್ನಿಂದ ಒಂದು ಸಾಲು ಬರೆದಿದ್ದರು: ‘ಕನ್ನಡಿಯಲ್ಲಿ ಕಾಣದವನು ಗಡ್ಡ ಹೇಗೆ ಬೋಳಿಸಿಕೊಳ್ಳುತ್ತಾನೆ?’ ಆ ಪ್ರಶ್ನೆಯಿಂದ ಒಂದು ಅಧ್ಯಾಯವೇ ಹುಟ್ಟಿತು. ಕೌಲ್ ಬಜಾರಿನ ಕಟಿಂಗ್ ಶಾಪ್, ಮುಚ್ಚುವ ಹೊತ್ತು, ಮುಂದೊಂದು ಕನ್ನಡಿ, ಹಿಂದೊಂದು ಕನ್ನಡಿ, ಎರಡರಲ್ಲೂ ಕುರ್ಚಿ ಖಾಲಿ, ಕುರ್ಚಿಗೆ ಹೊದಿಸಿದ ಬಿಳಿ ಬಟ್ಟೆ ಮಾತ್ರ ಉಬ್ಬಿಕೊಂಡಿದೆ. ಅಂಗಡಿಯವನು ಏನೂ ಕೇಳದೆ ಬ್ಲೇಡ್ ಬದಲಾಯಿಸುತ್ತಾನೆ. ಓದಿದವರೆಲ್ಲ ಮೊದಲು ನೆನೆಸಿಕೊಳ್ಳೋದು ಇದನ್ನೇ.

ಆ್ಯಪ್ ಪೂರ್ತಿ ಉಲ್ಟಾ. ಯಾರೂ ತಿದ್ದಲ್ಲ, ಯಾರೂ ಕಾಯಿಸಲ್ಲ. ರಾತ್ರಿ ಹತ್ತಕ್ಕೆ ಭಾಗ ಹಾಕಿದರೆ ಹತ್ತೂವರೆಗೆ ‘ಅಕ್ಕಾ, ಮುಂದಿನದು ಯಾವಾಗ?’ ಶುರು. ಓದೋರು ಜಾಸ್ತಿ ಹೆಣ್ಣುಮಕ್ಕಳು. ಅಡುಗೆಮನೆ ಕೆಲಸ ಮುಗಿಸಿ ಓದುತ್ತಾರೆ, ಬಸ್ಸಿನಲ್ಲಿ ಓದುತ್ತಾರೆ. ಅವರಿಗೆ ವ್ಯಾಂಪೈರ್ ಬಗ್ಗೆ ತಕರಾರೇ ಇಲ್ಲ. ಅವನು ನಾಯಕಿಯ ಅಮ್ಮನ ಹತ್ತಿರ ದನಿ ಏರಿಸಿ ಮಾತಾಡಿದಾಗ ಮಾತ್ರ ಸರಿಯಾಗಿ ಬೈದರು! ಪ್ರತಿ ಭಾಗದ ಕೊನೆಗೂ ಒಂದು ಗಂಟು ಹಾಕಲೇಬೇಕು, ಬೀಗ ಹಾಕಿದ ಮುಂದಿನ ಭಾಗಕ್ಕೆ ಅವರು ಆ್ಯಪ್‌ನಲ್ಲಿ ದುಡ್ಡು ಕೊಟ್ಟು ಕೊಂಡ ನಾಣ್ಯ ಖರ್ಚು ಮಾಡೋದು ಆ ಗಂಟಿಗಾಗಿ. ಹೀಗೆ ಬರೆದು ಬರೆದು ಕಥೆ ಊದುತ್ತದೆ. ಮುಗಿಸೋಕೆ ಹೋದರೆ ‘ಇಷ್ಟು ಬೇಗ ಯಾಕೆ’ ಅಂತಾರೆ. ದುಡ್ಡು ಬರುತ್ತದೆ, ಆದರೆ ಒಂದು ತಿಂಗಳು ಇದ್ದ ಹಾಗೆ ಇನ್ನೊಂದು ತಿಂಗಳು ಇರಲ್ಲ. ಕಳ್ಳತನ ಬೇರೆ. ನನ್ನ ಭಾಗಗಳನ್ನೇ ಯಂತ್ರದ ದನಿಯಲ್ಲಿ ಓದಿಸಿ ಯಾರೋ ಯೂಟ್ಯೂಬ್‌ಗೆ ಹಾಕಿದ್ದರು, ಕೆಳಗೆ ‘ಬರೆದವರು ಯಾರು?’ ಅಂತ ಕೇಳಿದವರಿಗೆ ಉತ್ತರವೂ ಇಲ್ಲ.

ಅಮೆಜಾನ್‌ನ ಇ-ಪುಸ್ತಕದ ಕಿಂಡಲ್ ಆಗಲ್ವಾ ಅಂತ ಕೇಳೋರಿಗೆ: 2016ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಐದು ಭಾರತೀಯ ಭಾಷೆಗಳು ಬಂದವು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ.

ಸ್ವಂತ ಅಚ್ಚಿಗೆ ಕೈ ಹಾಕೋರು ತಾಳ್ಮೆ ಇಟ್ಟುಕೊಳ್ಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ, ಅದನ್ನು ಕೊಡುವ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೂ ಇಲ್ಲ. ನಿಜವಾದ ತಲೆನೋವು ಅಕ್ಷರದ್ದು. ನಾನು ಟೈಪ್ ಮಾಡೋದು ಈಗಿನ ಮೊಬೈಲು, ಕಂಪ್ಯೂಟರ್ ಬಳಸುವ ಯೂನಿಕೋಡ್‌ನಲ್ಲಿ, ಪ್ರೆಸ್ಸಿನಲ್ಲಿ ಇದ್ದದ್ದು ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್ ಮತ್ತು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್. ಪರಿವರ್ತನೆ ಮಾಡಿದ ಮೇಲೆ ‘ಶಿಫ್ಟ್‌ನಲ್ಲಿ’ ಅನ್ನುವ ಕಡೆಯೆಲ್ಲ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕೂತಿತ್ತು. ನನ್ನ ನಾಯಕ ಶಿಫ್ಟ್ ಬಿಟ್ಟು ಬೇರೆ ಮಾತೇ ಆಡದವನು! ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗನ ಪಕ್ಕ ಕೂತು ಒಂದೊಂದೇ ತೆಗೆಸಬೇಕಾಯಿತು. ಪುಸ್ತಕ ಬಂದ ಮೇಲೆ ಅಂಗಡಿಯವರು 30-40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ. ನೇರವಾಗಿ ಕಳಿಸೋಣ ಅಂದರೆ ಪುಸ್ತಕಗಳಿಗೆ ಅಗ್ಗವಾಗಿದ್ದ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲೇ ನಿಂತುಹೋಯಿತು. ಇಷ್ಟಾದರೂ ಒಂದು ಪ್ರತಿಗೆ ಕೈಯಲ್ಲಿ ಉಳಿಯುವ ದುಡ್ಡು ಇದರಲ್ಲೇ ಜಾಸ್ತಿ. ಕೊಂಡವರಲ್ಲಿ ಮುಕ್ಕಾಲು ಪಾಲು ಆ್ಯಪ್‌ನಲ್ಲಿ ಆಗಲೇ ಓದಿದವರು. ಕೈಯಲ್ಲಿ ಹಿಡಿದು ಓದಬೇಕು ಅಂತ ಮತ್ತೆ ತಗೊಂಡರು.

ಹೊಸಬರು ಕೇಳಿದರೆ ನಾನು ಹೇಳೋದು ಹೀಗೆ: ಕೊನೆಯ ಅಧ್ಯಾಯ ಬರೆದಿಟ್ಟುಕೊಂಡು ಆ್ಯಪ್‌ಗೆ ಹೋಗಿ, ಓದುಗರು ಕೂಡಿದ ಮೇಲೆ ಕಡಿಮೆ ಪ್ರತಿ ಅಚ್ಚು ಹಾಕಿಸಿ. ಗ್ರಂಥಾಲಯಕ್ಕೆ ಹೋಗಬೇಕು ಅನ್ನುವ ಆಸೆ ಇದ್ದರೆ ಮಾತ್ರ ಪ್ರಕಾಶಕರ ಬಾಗಿಲು ತಟ್ಟಿ. ನನ್ನ ಎರಡನೇ ಪುಸ್ತಕವೂ ಆ್ಯಪ್‌ಗೇ ಹೋಗುತ್ತದೆ. ಅದಕ್ಕೂ ಮುಂಚೆ ಕರಡನ್ನು ಆ ಕೆಂಪು ಪೆನ್ನಿನ ಹಿರಿಯರಿಗೆ ಕೊಟ್ಟಿದ್ದೇನೆ, ಅವರು ಕೇಳಿದಷ್ಟು ದುಡ್ಡು ಕೊಟ್ಟೇ.