ಗದ್ದೆಯ ಆಟೋಕ್ರಾಸ್ ಗಾಡಿಗೆ ಡ್ರೈ ಸಂಪ್: ಮುಂಗಡ ಕೊಡುವ ಮುನ್ನ

ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗುತ್ತಿದ್ದಂತೆ ಕೊಡಗಿನಲ್ಲಿ ಆಟೋಕ್ರಾಸ್‌ನ, ಎಂದರೆ ಗದ್ದೆಯ ಮಣ್ಣಿನಲ್ಲಿ ನಡೆಯುವ ಗಾಡಿ ಓಟದ, ತಯಾರಿ ಶುರುವಾಗುತ್ತದೆ. ಅದರ ಹಿಂದೆಯೇ ಹಳೆಯ ಜಿಪ್ಸಿಗಳಿಗೆ ಬೇರೆ ಎಂಜಿನ್ ಕೂರಿಸುವ ಕೆಲಸವೂ ಶುರುವಾಗುತ್ತದೆ. ಹೀಗೆ ಎಂಜಿನ್ ಬದಲಿಸುವವರಲ್ಲಿ ಯಾರಾದರೂ ಡ್ರೈ ಸಂಪ್ (ಎಂಜಿನ್ ಆಯಿಲನ್ನು ತಳದಲ್ಲಿಡದೆ ಬೇರೆ ಟ್ಯಾಂಕಿನಲ್ಲಿಡುವ ಏರ್ಪಾಡು) ಹಾಕಿಸುವ ಯೋಚನೆಯಲ್ಲಿದ್ದರೆ, ಮುಂಗಡ ಕೊಡುವ ಮೊದಲು ನಮ್ಮ ಮನೆಯ ಗಾಡಿಗೆ ಆದದ್ದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ನಮ್ಮ ಜಿಪ್ಸಿ ಓಡಿಸುವವನು ನನ್ನ ಚಿಕ್ಕಪ್ಪನ ಮಗ. ಅದರ 1298 ಸಿಸಿ ಎಂಜಿನ್ ಇಳಿಸಿ ಹಳೆಯ ಬಲೆನೋ ಸೆಡಾನ್‌ನ 1590 ಸಿಸಿ ಎಂಜಿನ್ ಏರಿಸುವ ಕೆಲಸವನ್ನು ಹೊರಜಿಲ್ಲೆಯ ಒಂದು ವರ್ಕ್‌ಶಾಪ್‌ಗೆ ವಹಿಸಿದ್ದೆವು. ಬಲೆನೋದಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಅದರ ಕೆಳಗೆ ಇಡೀ ಆಕ್ಸಲ್ ಎಂಬುದಿಲ್ಲ. ಜಿಪ್ಸಿಯಲ್ಲಿ ಅದೇ ಎಂಜಿನ್ ಉದ್ದಕ್ಕೆ ಕೂರಬೇಕು. ಜೊತೆಗೆ ಗಾಡಿ ಗುಂಡಿಗೆ ಇಳಿದು ಲೀಫ್ ಸ್ಪ್ರಿಂಗ್ ಅದುಮಿದಾಗಲೆಲ್ಲ ಮುಂದಿನ ಆಕ್ಸಲ್ ಮೇಲೆದ್ದು ಬರುತ್ತದೆ. ಹಾಗಾಗಿ ಎಂಜಿನ್ ತಳದ ಆಯಿಲ್ ಚೇಂಬರ್ ಆಕ್ಸಲ್‌ಗೆ ತಾಗುತ್ತದೆ ಎಂದು ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಚೇಂಬರನ್ನು ಕತ್ತರಿಸಿ ಬೇರೆ ಆಕಾರಕ್ಕೆ ವೆಲ್ಡಿಂಗ್ ಮಾಡುವ ದಾರಿಯೂ ಇದೆ ಎಂಬ ಮಾತನ್ನು ಅವರು ಎತ್ತಲೇ ಇಲ್ಲ. “ರೇಸ್ ಗಾಡಿ ಅಂದ್ಮೇಲೆ ಡ್ರೈ ಸಂಪೇ ಸರಿ ಸಾರ್, ಪವರ್ ಕೂಡ ಏರುತ್ತೆ” ಎಂದಷ್ಟೇ ಹೇಳಿ ಪಂಪಿಗೆ ಆರ್ಡರ್ ಹಾಕಿದರು. ಪಂಪು, ಟ್ಯಾಂಕು, ಆಯಿಲ್ ತಣಿಸುವ ಕೂಲರ್, ಹೋಸ್‌ಗಳೆಲ್ಲ ಸೇರಿ ಆದ ಖರ್ಚು ಎಂಜಿನ್‌ಗೆ ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚು.

ಮಾಮೂಲಿ ಎಂಜಿನ್‌ನಲ್ಲಿ ಆಯಿಲ್ ತಳದ ಚೇಂಬರ್‌ನಲ್ಲೇ ಇರುತ್ತದೆ, ಒಳಗಿನ ಪಂಪು ಅದನ್ನು ಒಂದು ಕೊಳವೆಯ ಮೂಲಕ ಹೀರಿ ಬೇರಿಂಗ್‌ಗಳಿಗೆ ಕಳಿಸುತ್ತದೆ. ಜೀಪು ತಿರುಗುವಾಗ ಕ್ಯಾನ್‌ನೊಳಗಿನ ಹಾಲು ಒಂದು ಬದಿಗೆ ಏರುವಂತೆ ಆಯಿಲ್ ಏರಿ, ಕೊಳವೆಯ ಬಾಯಿಗೆ ಗಾಳಿ ಸಿಕ್ಕರೆ ಒತ್ತಡ ಬಿದ್ದು ಬೇರಿಂಗ್ ಹೋಗುತ್ತದೆ. ಡ್ರೈ ಸಂಪ್‌ನಲ್ಲಿ ತಳಕ್ಕೆ ಆಳವಿಲ್ಲದ ತಟ್ಟೆಯಷ್ಟೇ ಇರುತ್ತದೆ. ಅಲ್ಲಿಗೆ ಇಳಿದ ಆಯಿಲನ್ನು ಹೊರಗಿನ ಪಂಪಿನ ಒಂದೆರಡು ವಿಭಾಗಗಳು ಎಳೆದು ಎತ್ತರದ ಟ್ಯಾಂಕಿಗೆ ಹಾಕುತ್ತವೆ, ಅಲ್ಲಿ ಗಾಳಿ ಬಿಟ್ಟುಕೊಟ್ಟ ಆಯಿಲನ್ನು ಇನ್ನೊಂದು ವಿಭಾಗ ಎಂಜಿನ್‌ಗೆ ಒತ್ತುತ್ತದೆ. ಏರ್ಪಾಡು ಕೆಟ್ಟದ್ದೇನಲ್ಲ, ಪೋರ್ಷೆ 911ಕ್ಕೆ ಕಾರ್ಖಾನೆಯಲ್ಲೇ ಇದನ್ನು ಕೊಟ್ಟಿದ್ದರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿರುವ ಹಳೆಯ ಕಾಸ್ಟ್ ಐರನ್ ಬುಲೆಟ್‌ನಲ್ಲೂ ಆಯಿಲ್ ಕಳಿಸಲು ಒಂದು ಪಂಪು, ವಾಪಸ್ ಎಳೆಯಲು ಇನ್ನೊಂದು ಪಂಪು ಇವೆ. ಆದರೆ ಬುಲೆಟ್‌ನ ಪಂಪುಗಳು ಎಂಜಿನ್‌ನ ಒಳಗೇ ಗೇರಿನಿಂದ ತಿರುಗುತ್ತವೆ. ನಮ್ಮ ಜಿಪ್ಸಿಯ ಪಂಪು ಎಂಜಿನ್‌ನ ಮುಂಭಾಗದಲ್ಲಿ, ಕೆಳಗೆ, ಹಲ್ಲಿನ ಬೆಲ್ಟೊಂದನ್ನು ನೆಚ್ಚಿಕೊಂಡು ಬಯಲಿಗೆ ಬಿದ್ದಿತ್ತು.

ಗದ್ದೆಗೆ ಇದು ಬೇಕಿತ್ತೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಾಡಿಯನ್ನು ಪಕ್ಕಕ್ಕೆ ಎಳೆಯುವ ಬಲ ಗುರುತ್ವದ ಅರ್ಧದಷ್ಟಿದ್ದರೆ ಆಯಿಲ್‌ನ ಮೇಲ್ಮೈ ಸುಮಾರು 27 ಡಿಗ್ರಿ ವಾಲುತ್ತದೆ. ಗುರುತ್ವದಷ್ಟೇ ಆದರೆ 45 ಡಿಗ್ರಿ. ಎರಡನೆಯದು ಗೆರೆಗಳಿಲ್ಲದ ಸ್ಲಿಕ್ ಟೈರ್ ಹಾಕಿಕೊಂಡು ಡಾಂಬರು ಟ್ರ್ಯಾಕಿನ ಉದ್ದನೆಯ ತಿರುವುಗಳಲ್ಲಿ ಓಡುವವರ ತೊಂದರೆ. ಸಡಿಲ ಮಣ್ಣಿನಲ್ಲಿ ಟೈರಿಗೆ ಅಂಥ ಹಿಡಿತವೇ ಸಿಗುವುದಿಲ್ಲ, ತಿರುವುಗಳೂ ಗಿಡ್ಡ. ಆಯಿಲ್ ಓಡಿಹೋಗದಂತೆ ಚೇಂಬರ್‌ನೊಳಗೆ ತಡೆತಗಡುಗಳನ್ನೂ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳನ್ನೂ ಇಟ್ಟರೆ ಇಷ್ಟಕ್ಕೆ ಧಾರಾಳವಾಗಿ ಸಾಕು. ಪವರ್ ಏರುವ ಮಾತಿನಲ್ಲಿ ತುಸು ಸತ್ಯವಿದೆ. ಎಂಜಿನ್‌ನ ತಿರುಗುವ ದಂಡವಾದ ಕ್ರ್ಯಾಂಕ್ ಆಯಿಲನ್ನು ಕಡೆಯುವುದು ತಪ್ಪಿದರೆ ಹೆಚ್ಚಿನ ಆರ್‌ಪಿಎಂನಲ್ಲಿ ಸ್ವಲ್ಪ ಲಾಭವುಂಟು. ಆದರೆ ವಾಲ್ವ್ ತೆರೆಯುವ ಕ್ಯಾಮ್ ಕಂಪನಿಯದ್ದೇ ಆಗಿರುವ 1.6 ಲೀಟರ್ ಎಂಜಿನ್‌ನಲ್ಲಿ ಅದು ಚಾಲಕನ ಗಮನಕ್ಕೂ ಬಾರದು.

ಗಾಡಿ ಮನೆಗೆ ಬಂದ ಮೇಲೆ ಮೊದಲು ಎದುರಾದದ್ದು ಆಯಿಲ್ ಮಟ್ಟದ ಗೊಂದಲ. ಗಾಡಿ ನಿಂತಿದ್ದಾಗ ಟ್ಯಾಂಕಿನ ಆಯಿಲ್ ಪಂಪಿನ ಸಂದಿಗಳಿಂದ ಜಿನುಗಿ ತಳದ ತಟ್ಟೆಗೆ ಇಳಿಯುತ್ತದೆ; ಬೆಳಿಗ್ಗೆ ಟ್ಯಾಂಕು ಖಾಲಿಯಾದಂತೆ ಕಾಣುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಮಟ್ಟ ನೋಡಬೇಕೆಂದು ಹೇಳಿಕೊಡುವುದು ಕೆಲಸ ಮಾಡಿಕೊಟ್ಟವರ ಹೊಣೆಯಾಗಿತ್ತು, ಅವರು ಹೇಳಲಿಲ್ಲ. ಮೇಲಿಂದ ಸುರಿದ ಹೆಚ್ಚುವರಿ ಆಯಿಲ್ ನೊರೆಯಾಗಿ, ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಡಬ್ಬಿಯಿಂದ ಉಕ್ಕಿ, ಸೈಲೆನ್ಸರ್ ಪೈಪಿನ ಮೇಲೆ ಹರಿದು, ಬಾನೆಟ್‌ನ ಸಂದಿಗಳಿಂದ ಹೊಗೆ ಬಂತು. ಬೆಂಕಿ ಹತ್ತಲಿಲ್ಲ ಎಂಬುದೇ ಸಮಾಧಾನ.

ನಿಜವಾದ ಪೆಟ್ಟು ಬಿದ್ದದ್ದು ಗದ್ದೆಯಲ್ಲಿ. ಮುಂದಿನ ಚಕ್ರಗಳು ಎರಚುವ ಹೆಂಟೆ, ಕಲ್ಲು, ಕೊಯ್ದ ಪೈರಿನ ಕೂಳೆ ಎಲ್ಲವೂ ನೇರವಾಗಿ ಆ ಬೆಲ್ಟಿನ ಜಾಗಕ್ಕೇ ಬಂದು ಬೀಳುತ್ತಿದ್ದವು, ಅದಕ್ಕೊಂದು ತಗಡಿನ ಕವಚವೂ ಇರಲಿಲ್ಲ. ಕಲ್ಲೊಂದು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿ ಬೆಲ್ಟ್ ಕಳಚಿತು. ಮಾಮೂಲಿ ಗಾಡಿಯಲ್ಲಿ ಫ್ಯಾನ್ ಬೆಲ್ಟ್ ಹೋದರೆ ಎಂಜಿನ್ ಬಿಸಿಯಾಗುವವರೆಗೆ ಸಮಯವಿರುತ್ತದೆ. ಇಲ್ಲಿ ಬೆಲ್ಟ್ ಹೋದ ಕೂಡಲೇ ಆಯಿಲ್ ಒತ್ತಡ ಸೊನ್ನೆ. ಒಳಗಿನ ಮೂಲ ಪಂಪನ್ನು ಮೊದಲೇ ತೆಗೆದುಹಾಕಿರುತ್ತಾರೆ, ಕಾಪಾಡಲು ಇನ್ನೊಂದಿಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಒತ್ತಡ ಬಿದ್ದಾಗ ದೀಪ ಹತ್ತಿಸುವ, ಎಂಜಿನ್ ಬ್ಲಾಕಿನಲ್ಲಿದ್ದ ಆಯಿಲ್ ಸ್ವಿಚ್ಚನ್ನು ಬಿಚ್ಚಿ ಆ ತೂತಿಗೆ ಮೀಟರಿನ ಪೈಪು ಕೂರಿಸಿದ್ದರು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುವ ಮಾತೇ ಇರಲಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಆರ್‌ಪಿಎಂನಲ್ಲಿ, ದಾರಿ ಗುರುತಿಸಲು ನೆಟ್ಟ ಮುಂದಿನ ಕಂಬ ನೋಡುತ್ತಾ ಸ್ಟಿಯರಿಂಗ್ ತಿರುಗಿಸುತ್ತಿರುವವನು ಅಂಗೈ ಅಗಲದ ಮೀಟರಿನ ಮುಳ್ಳು ನೋಡುವುದು ಹೇಗೆ? ಬಡಿತದ ಸದ್ದು ಕೇಳಿ ಅವನು ಕೀ ತಿರುಗಿಸುವಷ್ಟರಲ್ಲಿ ಎಂಜಿನ್ ಜಾಮ್ ಆಗಿತ್ತು.

ಗೋಣಿಕೊಪ್ಪದ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಬಿಚ್ಚಿದರು. ಕನೆಕ್ಟಿಂಗ್ ರಾಡಿನ ಬೇರಿಂಗ್‌ಗಳ ಬೂದು ಪದರ ಪೂರ್ತಿ ಒರೆಸಿಹೋಗಿ ಕೆಳಗಿನ ತಾಮ್ರ ಹೊಳೆಯುತ್ತಿತ್ತು, ಒಂದು ರಾಡಿನ ಬುಡ ಕಾವಿಗೆ ನೀಲಿಗಟ್ಟಿತ್ತು. “ಕ್ರ್ಯಾಂಕ್ ಬಿಡಿ ಅಣ್ಣ, ಲೇತಿಗೆ ಕೊಟ್ಟು ಗ್ರೈಂಡಿಂಗ್ ಮಾಡಿಸಬಹುದು. ಈ ಕೂಲರ್ ಮಾತ್ರ ಎಸೆದುಬಿಡಿ” ಎಂದರು. ಅವರು ಹೇಳಿದ್ದು ಮುಖ್ಯವಾದ ಮಾತು: ಬೇರಿಂಗ್‌ನಿಂದ ಕಿತ್ತು ಬಂದ ಲೋಹದ ಪುಡಿ ಕೂಲರ್‌ನ ಸಣ್ಣ ನಾಳಗಳಲ್ಲಿ ಕೂತರೆ ಎಷ್ಟು ಡೀಸೆಲ್ ಹಾಕಿ ತೊಳೆದರೂ ಬಿಡುವುದಿಲ್ಲ, ಅದು ಮುಂದಿನ ಎಂಜಿನನ್ನೂ ತಿನ್ನುತ್ತದೆ. ಟ್ಯಾಂಕಿನ ತಳದಲ್ಲಿ ವೆಲ್ಡಿಂಗ್‌ನ ಚೂರುಗಳು ಸಿಕ್ಕವು, ಎಂದರೆ ಟ್ಯಾಂಕು ಮಾಡಿದವರು ಒಳಗನ್ನು ಶುಚಿ ಮಾಡುವ ಗೋಜಿಗೇ ಹೋಗಿರಲಿಲ್ಲ.

ಕೊನೆಗೆ ಆ ಮೆಕ್ಯಾನಿಕ್ಕೇ ಚೇಂಬರನ್ನು ಆಕ್ಸಲ್‌ಗೆ ತಾಗದಂತೆ ಕತ್ತರಿಸಿ, ಒಂದು ಬದಿಗೆ ಅಗಲ ಮಾಡಿ, ಒಳಗೆ ತಡೆತಗಡು ಕೂರಿಸಿದರು. ಬೆಸುಗೆಯ ಹೊರಮೈಗೆ ಸೀಮೆಸುಣ್ಣ ಹಚ್ಚಿ ಒಳಗೆ ಸೀಮೆಎಣ್ಣೆ ಸುರಿದಿಟ್ಟರು. ಸುಣ್ಣ ಒದ್ದೆಯಾದಲ್ಲಿ ಮತ್ತೆ ಬೆಸುಗೆ. ಹೀರುಕೊಳವೆಯ ಬಾಯಿಗೂ ತಳಕ್ಕೂ ನಡುವೆ ಸುಮಾರು 10 ಮಿಲಿಮೀಟರ್ ಬಿಟ್ಟರು, ಆಯಿಲ್ ಸ್ವಿಚ್ಚಿಗೆ ದೊಡ್ಡ ದೀಪವನ್ನೂ ಬಜರನ್ನೂ ಜೋಡಿಸಿದರು. ಡ್ರೈ ಸಂಪ್‌ಗೆ ಹೋದ ಹಣದ ಮುಂದೆ ಇದರ ಖರ್ಚು ಏನೂ ಅಲ್ಲ.

ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಕಡೆ ಓಡಿಸುವವರಿಗೋ, ಎಂಜಿನನ್ನು ತೀರಾ ಕೆಳಗೆ ಕೂರಿಸಲೇಬೇಕಾದವರಿಗೋ ಡ್ರೈ ಸಂಪ್ ತಕ್ಕದ್ದೇ. ಅಂಥವರು ಬೆಲ್ಟಿಗೆ ಕವಚವಿದೆಯೇ, ಒತ್ತಡ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆಯೇ, ಟ್ಯಾಂಕು ಪಂಪಿಗಿಂತ ಎತ್ತರದಲ್ಲಿದೆಯೇ, ಮೊದಲ ಸ್ಟಾರ್ಟಿಗೆ ಮುನ್ನ ಡ್ರಿಲ್‌ನಿಂದ ಪಂಪು ತಿರುಗಿಸಿ ಒತ್ತಡ ಬರಿಸಿ ತೋರಿಸುತ್ತಾರೆಯೇ ಎಂದು ಕೇಳಲಿ. ಉತ್ತರ ತಡವರಿಸಿದರೆ ಗಾಡಿಯನ್ನು ಅಲ್ಲಿ ಬಿಡಬೇಡಿ. ರಸ್ತೆಗೂ ಇಳಿಸುವ ಗಾಡಿಯಾದರೆ ಇನ್ನೊಂದು ವಿಷಯ: 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ದಾಖಲಾಗಬೇಕು. ಈ ಮಾತನ್ನೂ ವರ್ಕ್‌ಶಾಪಿನವರು ನಮಗೆ ಹೇಳಿರಲಿಲ್ಲ.

ಬಿಚ್ಚಿಟ್ಟ ಪಂಪು, ಟ್ಯಾಂಕು ಕೊಡುತ್ತೀರಾ ಎಂದು ಈಗಾಗಲೇ ಕೆಲವರು ಕೇಳಿದ್ದಾರೆ. ಟ್ಯಾಂಕಿನಲ್ಲಿದ್ದ ವೆಲ್ಡಿಂಗ್‌ನ ಚೂರುಗಳು ಈ ಪಂಪನ್ನು ಹಾಯ್ದೇ ಎಂಜಿನ್‌ಗೆ ಹೋಗುತ್ತಿದ್ದದ್ದು, ಒಳಗಿನ ಗೇರುಗಳ ಮೇಲೆ ಉಗುರಿಗೆ ಸಿಗುವಂಥ ಗೀರುಗಳಿವೆ. ನಾವು ಮಾರುವುದಿಲ್ಲ. ಬೇರೆಲ್ಲಾದರೂ ಸೆಕೆಂಡ್ ಹ್ಯಾಂಡ್ ಸೆಟ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು, ಪಂಪಿನ ಎಲ್ಲ ವಿಭಾಗಗಳನ್ನೂ ಬಿಚ್ಚಿಸಿ ನೋಡದೆ ಹಣ ಕೊಡಬೇಡಿ.