ಬೇಸಿಗೆ ರಜೆಗೆ ಬಳ್ಳಾರಿಯ ರೂಮು: ಬೀಗವೋ, ಖಾಲಿಯೋ, ಒಳಬಾಡಿಗೆಯೋ?

ಓದಲು ಬಳ್ಳಾರಿಗೆ ಬಂದು ಬಾಡಿಗೆ ಕೋಣೆಯಲ್ಲಿರುವ ನನ್ನಂಥವರಿಗೆ ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಎರಡು ತಿಂಗಳು ಊರಿಗೆ ಹೋದರೆ ಕೋಣೆಯನ್ನು ಏನು ಮಾಡುವುದು? ಬೇರೆ ಬೇರೆ ವರ್ಷ ಮೂರು ದಾರಿಗಳನ್ನು ಹಿಡಿದು ನೋಡಿದ್ದೇನೆ.

ಹೆಚ್ಚಿನವರು ಮಾಡುವುದು ಬೀಗ ಹಾಕಿ ಹೋಗುವುದು. ನನ್ನ ಕೋಣೆಯ ಬಾಡಿಗೆ ತಿಂಗಳಿಗೆ 4,000 ರೂಪಾಯಿ. ಯಾರೂ ಇಲ್ಲದ ಕೋಣೆಗೆ 8,000 ತೆರಬೇಕು. ಹಣ ಹೋದರೂ ಸಾಮಾನು ಸುರಕ್ಷಿತವಾಗಿರುತ್ತದೆ ಎಂಬ ನಂಬಿಕೆ ಈ ಊರಿನ ಬಿಸಿಲಿನಲ್ಲಿ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಹಡಿಯ ಮೇಲಿನ ಕೋಣೆಯ ತಾರಸಿ ರಾತ್ರಿಯೂ ಆರುವುದಿಲ್ಲ. ನಾನು ಮರಳಿ ಬಂದಾಗ ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಕಿಟಕಿಯ ಸಂದಿನಿಂದ ಕೆಂಪು ಧೂಳನ್ನು ಹಾಸಿಗೆಯ ಮೇಲೆಲ್ಲ ಹರಡಿತ್ತು. ನೆಲದ ಮೇಲಿದ್ದ ರಟ್ಟಿನ ಪೆಟ್ಟಿಗೆಗೆ ಗೆದ್ದಲು ಹತ್ತಿ ನೋಟ್ಸ್ ಹಾಳಾಗಿದ್ದವು. ಕಡಪಾ ಕಲ್ಲಿನ ಹಲಗೆಯ ಮೇಲಿದ್ದ ಪುಸ್ತಕಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಬೀಗವೇ ಹಾಕುವುದಾದರೆ ನೆಲದ ಮೇಲೆ ಕಾಗದ ಇಡಬೇಡಿ. ಕೂಲರಿನ ನೀರು ಚೆಲ್ಲಿ, ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಒಣಗಿದ ತೊಟ್ಟಿಯಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಖಾಲಿ ಮಾಡುವುದರಲ್ಲಿ ಬಾಡಿಗೆ ಪೂರ್ತಿ ಉಳಿಯಿತು, ಅಡ್ವಾನ್ಸ್ ಕೂಡ ಕೈಗೆ ಬಂತು. ಕೊಪ್ಪಳದ ಕಡೆಯವರಿಗೆ ಹೊಸಪೇಟೆಯ ಮೇಲೆ ಹೋಗುವ ರೈಲು ಅನುಕೂಲ. ಸ್ಲೀಪರ್ ಟಿಕೆಟ್ ಇದ್ದರೆ 40 ಕಿಲೋ, ಸೆಕೆಂಡ್ ಕ್ಲಾಸಿನಲ್ಲಿ 35 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಆದರೆ ಗ್ಯಾಸ್ ಸಿಲಿಂಡರನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಮಂಚ, ಕೂಲರ್ ಹೇಗೂ ಹೊರಲಾಗುವುದಿಲ್ಲ. ಅವನ್ನು ಗೆಳತಿಯ ಮನೆಯಲ್ಲಿಟ್ಟೆ.

ಕಷ್ಟ ಶುರುವಾಗಿದ್ದು ರಜೆ ಮುಗಿದ ಮೇಲೆ. ಹೊಸ ಪ್ರವೇಶದ ಹೊತ್ತಿಗೆ ಕಾಲೇಜುಗಳ ಹತ್ತಿರದ ಕೋಣೆಗಳೆಲ್ಲ ತುಂಬಿರುತ್ತವೆ, ಉಳಿದವುಗಳ ಬಾಡಿಗೆ ಏರಿರುತ್ತದೆ. ಅದಕ್ಕಿಂತ ನೋಯಿಸಿದ್ದು ಮನೆ ಮನೆಯ ಬಾಗಿಲಲ್ಲಿ ನಿಂತು ಉತ್ತರಿಸಬೇಕಾದ ಪ್ರಶ್ನೆಗಳು: "ನೀವು ಯಾವ ಜನ?", "ಮನೆಯಲ್ಲಿ ಮಾಂಸ ಮಾಡುತ್ತೀರಾ?", "ಒಬ್ಬಳೇ ಇರುತ್ತೀಯೇನಮ್ಮ?" ಓದಲು ಬಂದ ಹುಡುಗಿ ಜಾತಿ ಹೇಳಿ ಕೋಣೆ ಪಡೆಯಬೇಕಾಗಿರುವುದು ಅನ್ಯಾಯ. ಹಾಗಾಗಿ ಒಳ್ಳೆಯ ಮಾಲೀಕರು ಸಿಕ್ಕಿದ್ದರೆ 8,000 ರೂಪಾಯಿ ಉಳಿಸಲು ಆ ಮನೆಯನ್ನು ಬಿಡಬೇಡಿ ಎಂದೇ ನನ್ನ ಮಾತು.

ಕೋಣೆಯೂ ಉಳಿದು, ಬಾಡಿಗೆಯ ಹೊರೆಯೂ ಇಳಿದದ್ದು ಮೂರನೆಯ ದಾರಿಯಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬೇಸಿಗೆಯಲ್ಲಿ ಊರಿನಲ್ಲೇ ಉಳಿಯುವ ಕಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ಎರಡು ತಿಂಗಳ ಮಟ್ಟಿಗೆ ಕೋಣೆ ಬಿಟ್ಟುಕೊಟ್ಟೆ. ತಿಂಗಳಿಗೆ ಅವಳು 3,000 ಕೊಟ್ಟಳು, ನಾನು 1,000 ಸೇರಿಸಿದೆ. ದಿನಾ ಕಸ ಗುಡಿಸಿ, ಕಿಟಕಿ ತೆರೆದು ಮುಚ್ಚುವವರಿದ್ದರೆ ಗೆದ್ದಲಿಗೂ ಧೂಳಿಗೂ ಎಡೆಯಿರುವುದಿಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ ತುಂಬಿಸಿಡುವವರೂ ಇದ್ದಂತಾಯಿತು.

ಆದರೆ ಮಾಲೀಕರಿಂದ ಬರೆಸಿಕೊಳ್ಳದೆ ಇದಕ್ಕೆ ಕೈಹಾಕಬಾರದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ, ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು ಬಾಡಿಗೆದಾರರನ್ನು ತೆರವು ಮಾಡಿಸಲು ಒಂದು ಕಾರಣ. ನಾನು ಮಾರ್ಚಿನಲ್ಲೇ ಅವಳನ್ನು ಕರೆದುಕೊಂಡು ಹೋಗಿ, "ಅಮ್ಮಾ, ಇವಳು ನಮ್ಮ ಕಾಲೇಜಿನವಳು, ಜೂನ್‌ವರೆಗೆ ಇರುತ್ತಾಳೆ" ಎಂದು ಪರಿಚಯಿಸಿದೆ. ಒಂದು ಹಾಳೆಯಲ್ಲಿ ಬಂದುಹೋಗುವ ದಿನಾಂಕ, ಬಾಡಿಗೆ, ಸಾಮಾನಿನ ಪಟ್ಟಿ ಬರೆದು ಮೂವರೂ ಸಹಿ ಹಾಕಿದೆವು.

ಕರೆಂಟಿನ ಮಾತನ್ನೂ ಅದರಲ್ಲೇ ಸೇರಿಸಿ. ಕೋಣೆಗೆ ಬೇರೆ ಮೀಟರ್ ಇದ್ದು ಗೃಹಜ್ಯೋತಿ ಸಿಗುತ್ತಿದ್ದರೂ ಹಗಲಿಡೀ ಕೂಲರ್ ಓಡಿದರೆ ನಿಗದಿಯ ಮಿತಿ ಮೀರುತ್ತದೆ. ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಆ ಹೆಚ್ಚಿನ ಹಣ ಇರುವವರದು ಎಂದು ಮೊದಲೇ ಬರೆದುಕೊಂಡಿದ್ದರಿಂದ ನಮ್ಮ ನಡುವೆ ಮಾತು ಬೆಳೆಯಲಿಲ್ಲ.

ನಂಬಿಕೆಯವರು ಯಾರೂ ಸಿಗದಿದ್ದರೆ, ರಜೆಯ ತಿಂಗಳುಗಳಿಗೆ ಅರ್ಧ ಬಾಡಿಗೆ ಸಾಕೇ ಎಂದು ಮಾಲೀಕರನ್ನು ಕೇಳಿ ನೋಡಿ. ಒಂದು ಕೀಲಿ ಮಾಲೀಕರ ಬಳಿಯೇ ಇರಲಿ. ಮದುವೆ ಕಾಲದಲ್ಲಿ ಅವರ ನೆಂಟರಿಗೆ ಕೋಣೆ ಉಪಯೋಗಕ್ಕೆ ಬರುತ್ತದೆ ಎಂದಾದರೆ ಎಷ್ಟೋ ಮನೆಯವರು ಒಪ್ಪುತ್ತಾರೆ.